ಲೈಬ್ರರಿ ಸಮಯಕ್ಕಾಗಿ 640 ಸಹಿ ಕೊಟ್ಟೆವು, ಉತ್ತರವೇ ಇಲ್ಲ. ಮನವಿ ಕೊಡುವ ಸರಿಯಾದ ದಾರಿ ಯಾವುದು?

ಓದುವ ಹುಡುಗಿ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎ. ಎರಡನೇ ಸೆಮಿಸ್ಟರ್ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿದ್ದೇನೆ. ರೂಮಿನಲ್ಲಿ ನಾಲ್ಕು ಜನ, ಟೇಬಲ್ ಎರಡು. ಕೂತು ಓದಬೇಕು ಅಂದರೆ ಲೈಬ್ರರಿಯೇ ಗತಿ. ಆದರೆ ಲೈಬ್ರರಿ ಸಂಜೆ 6ಕ್ಕೆ ಮುಚ್ಚುತ್ತದೆ. ನಮಗೆ ಕ್ಲಾಸ್ ಬಿಡುವುದೇ 4:30ಕ್ಕೆ. ಹೋಗಿ ಬ್ಯಾಗ್ ಇಟ್ಟು, ಪುಸ್ತಕ ಹುಡುಕಿ ಕೂರುವಷ್ಟರಲ್ಲಿ 5 ಗಂಟೆ. ಐದೂಮುಕ್ಕಾಲಿಗೆ ಅಟೆಂಡರ್ ಒಂದೊಂದೇ ಫ್ಯಾನ್ ಆಫ್ ಮಾಡುತ್ತಾ ಬರುತ್ತಾರೆ. ಅಲ್ಲಿಗೆ ಆ ದಿನದ ಓದು ಮುಗಿಯಿತು.

ಕಳೆದ ತಿಂಗಳು ನಾವು ಐದಾರು ಜನ ಸೇರಿ ಆನ್‌ಲೈನ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹಾಕಿದೆವು. ನಾಲ್ಕೇ ದಿನದಲ್ಲಿ 640 ಹೆಸರು ಬಂತು! ತುಂಬಾ ಖುಷಿಯಾಗಿತ್ತು. ಕುಲಪತಿಗಳಿಗೆ ಇಮೇಲ್ ಮಾಡಿದೆವು. ಪ್ರಿಂಟ್ ತೆಗೆದು ಅವರ ಪಿ.ಎ. ಕೈಗೂ ಕೊಟ್ಟು ಬಂದೆವು. ಇವತ್ತಿಗೆ 34 ದಿನ. ಒಂದು ಸಾಲಿನ ಉತ್ತರ ಇಲ್ಲ. ಕೇಳಲು ಹೋದರೆ "ನೋಡೋಣ" ಅಂತಾರೆ. ಗ್ರೂಪ್‌ನಲ್ಲಿ ಕೆಲವರು "ಸುಮ್ನೆ ಟೈಮ್ ವೇಸ್ಟ್" ಅನ್ನಲು ಶುರು ಮಾಡಿದ್ದಾರೆ. ನಿಮ್ಮ ಕಾಲೇಜಿನಲ್ಲಿ ಮನವಿಯಿಂದ ಏನಾದರೂ ಬದಲಾಗಿದೆಯಾ? ನಾವು ಎಲ್ಲಿ ತಪ್ಪಿದೆವು?

ಬಯಲುಸೀಮೆ ಹೈದ

ತಂಗಿ, ಬೇಜಾರು ಮಾಡಿಕೊಳ್ಳಬೇಡ. ನಾನು ಡಿಗ್ರಿಯಲ್ಲಿದ್ದಾಗ ಮೂರು ವರ್ಷ ಮನವಿ ಕೊಟ್ಟಿದ್ದೇನೆ. ಫೋಟೋ ತೆಗೆಸಿಕೊಳ್ಳುವುದು ಬಿಟ್ಟರೆ ಏನೂ ಆಗಲಿಲ್ಲ. ಕೊನೆಗೆ ಗೇಟಿನ ಮುಂದೆ ಎರಡು ದಿನ ಕೂತೆವು. ಮೂರನೇ ದಿನ ಹಾಸ್ಟೆಲ್‌ಗೆ ಕುಡಿಯುವ ನೀರಿನ ಮಷಿನ್ ಬಂತು. ಕಾಗದಕ್ಕೆ ಯಾರೂ ಹೆದರುವುದಿಲ್ಲ. ಜನ ಸೇರಿದರೆ ಮಾತ್ರ ಕಿವಿ ತೆರೆಯುತ್ತದೆ.

2022ರ ಅಕ್ಟೋಬರ್‌ನಲ್ಲಿ ಬೆಂಗಳೂರು ವಿ.ವಿ.ಯ ಜ್ಞಾನಭಾರತಿ ಆವರಣದಲ್ಲಿ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿ ಬಸ್ಸಿಗೆ ಸಿಕ್ಕಿ, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹೊರಗಿನ ವಾಹನಗಳನ್ನು ಕ್ಯಾಂಪಸ್ ಒಳಗೆ ಬಿಡಬೇಡಿ ಅಂತ ಹುಡುಗರು ರಸ್ತೆಯಲ್ಲೇ ಕೂತರು. ಎಲ್ಲರಿಗೂ ಆ ವಿಷಯ ಗೊತ್ತಾಗಿದ್ದು ಆಗ.

ಹಳೇ ಕಡತ

ನಾನು ಒಂದು ವಿಶ್ವವಿದ್ಯಾಲಯದ ಆಡಳಿತ ಕಚೇರಿಯಲ್ಲಿ 31 ವರ್ಷ ಇದ್ದು ಅಧೀಕ್ಷಕನಾಗಿ ನಿವೃತ್ತನಾದವನು. ಟೇಬಲ್ಲಿನ ಈ ಕಡೆ ಕೂತು ನೂರಾರು ವಿದ್ಯಾರ್ಥಿ ಮನವಿಗಳನ್ನು ನೋಡಿದ್ದೇನೆ. ಈ ಹುಡುಗಿಯ ಕಾಗದ ಎಲ್ಲಿಗೆ ಹೋಗಿರಬಹುದು ಅಂತ ಹೇಳುತ್ತೇನೆ, ಕೇಳಿ.

ಪಿ.ಎ. ಕೈಗೆ ಕೊಟ್ಟ ಕಾಗದಕ್ಕೆ ನಂಬರ್ ಬೀಳುವುದಿಲ್ಲ. ನಂಬರ್ ಬೀಳದ ಕಾಗದ ಕಚೇರಿಯ ಲೆಕ್ಕದಲ್ಲಿ ಬಂದೇ ಇಲ್ಲ. ಅದು ಯಾವುದೋ ರಟ್ಟಿನ ಫೈಲಿನೊಳಗೆ, ಮದುವೆ ಕಾರ್ಡುಗಳ ಕೆಳಗೆ ಇರುತ್ತದೆ. ಯಾರೂ ಬೇಕಂತಲೇ ಮುಚ್ಚಿಟ್ಟಿರುವುದಿಲ್ಲ. ಅದರ ಮೇಲೆ ಕೆಲಸ ಮಾಡು ಅಂತ ಯಾರಿಗೂ ಹೇಳಿರುವುದಿಲ್ಲ, ಅಷ್ಟೇ.

ಪ್ರತಿ ವಿ.ವಿ.ಯಲ್ಲೂ ಟಪಾಲು ತೆಗೆದುಕೊಳ್ಳುವ ಆವಕ ವಿಭಾಗ ಅಂತ ಇರುತ್ತದೆ. ನಿಮ್ಮ ಮನವಿಯ ಎರಡು ಪ್ರತಿ ಅಲ್ಲಿಗೆ ತೆಗೆದುಕೊಂಡು ಹೋಗಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ತಾರೀಖು, ಆವಕ ಸಂಖ್ಯೆ, ಗುಮಾಸ್ತರ ಚಿಕ್ಕ ಸಹಿ. ಆ ಎರಡನೇ ಪ್ರತಿ ನಿಮ್ಮ ಆಸ್ತಿ. ಕಳೆಯಬೇಡಿ.

ನಂಬರ್ ಬಿದ್ದ ಕಾಗದ ಸಂಬಂಧಪಟ್ಟ ಶಾಖೆಗೆ ಹೋಗುತ್ತದೆ. ಅಲ್ಲಿ ಒಬ್ಬರು ವಿಷಯ ನಿರ್ವಾಹಕರು ಇರುತ್ತಾರೆ. ಟಿಪ್ಪಣಿ ಹಾಳೆಯ ಮೇಲೆ ಮೊದಲು ಪೆನ್ನು ಇಡುವವರು ಅವರೇ. "ವಿದ್ಯಾರ್ಥಿಗಳು ಹೀಗೆ ಕೋರಿರುತ್ತಾರೆ. ಗ್ರಂಥಪಾಲಕರ ಅಭಿಪ್ರಾಯ ಪಡೆಯಬಹುದು. ಆದೇಶಕ್ಕಾಗಿ ಮಂಡಿಸಿದೆ" ಅಂತ ಬರೆದು ಮೇಲೆ ಕಳಿಸುತ್ತಾರೆ. ಅಲ್ಲಿಂದ ಅಧೀಕ್ಷಕರು, ಸಹಾಯಕ ಕುಲಸಚಿವರು, ಕುಲಸಚಿವರು, ಬೇಕಾದರೆ ಕುಲಪತಿಗಳು. ಇದೇ ದಾರಿ. ವಿಷಯ ನಿರ್ವಾಹಕರು ನಿಮ್ಮ ನಾಲ್ಕು ಪುಟ ಪೂರ್ತಿ ಓದುವುದಿಲ್ಲ. ಅದರಿಂದ ಎರಡು ಸಾಲು ಎತ್ತಿ ಟಿಪ್ಪಣಿಗೆ ಹಾಕುತ್ತಾರೆ. ಆ ಎರಡು ಸಾಲನ್ನು ನೀವೇ ಬರೆದುಕೊಟ್ಟಿರಬೇಕು. ನನ್ನ ಅನುಭವದಲ್ಲಿ ಮನವಿ ಗೆಲ್ಲುವುದೂ ಸೋಲುವುದೂ ಇಲ್ಲೇ.

ಅಮ್ಮಾ, ನೀವು ಕೊಟ್ಟ ಮನವಿಯಲ್ಲಿ ಏನೇನು ಬರೆದಿದ್ದಿರಿ? ಇಲ್ಲಿ ಹಾಕಿ ನೋಡೋಣ.

ಓದುವ ಹುಡುಗಿ

ಸರ್, ಹೇಳಲು ಸಂಕೋಚ ಆಗುತ್ತಿದೆ. ಶುರುವಿನಲ್ಲಿ ಲೈಬ್ರರಿ ಮಾತ್ರ ಇತ್ತು. ಆಮೇಲೆ ಗ್ರೂಪ್‌ನಲ್ಲಿ ಒಬ್ಬರು ಕ್ಯಾಂಟೀನ್ ಸೇರಿಸಿ ಅಂದರು, ಇನ್ನೊಬ್ಬರು ವೈಫೈ, ಶೌಚಾಲಯ, ಫಲಿತಾಂಶ ತಡ, ಸ್ಕಾಲರ್‌ಶಿಪ್, ಬಸ್. ಕೊನೆಗೆ 11 ಬೇಡಿಕೆ ಆಯಿತು. "ಲೈಬ್ರರಿ ಸಮಯವನ್ನು ಸೂಕ್ತವಾಗಿ ವಿಸ್ತರಿಸಬೇಕು" ಅನ್ನುವುದು ಏಳನೆಯದು.

ಕೆಮಿಸ್ಟ್ರಿ ಮೇಷ್ಟ್ರು

ಇದೇ ನೋಡಿ. ಆ 11 ಬೇಡಿಕೆಯೂ ಬೇರೆ ಬೇರೆ ಬಾಗಿಲಿನವು. ಫಲಿತಾಂಶ ಕುಲಸಚಿವರು (ಮೌಲ್ಯಮಾಪನ) ಅವರದು. ಸ್ಕಾಲರ್‌ಶಿಪ್ ಹೆಚ್ಚಾಗಿ ಸರ್ಕಾರದ ಇಲಾಖೆಗಳದು, ಅರ್ಜಿಯೇ ರಾಜ್ಯದ ಪೋರ್ಟಲ್‌ನಲ್ಲಿ. ಬಸ್ಸಿನ ಸಮಯ ಡಿಪೋ ಮ್ಯಾನೇಜರ್ ಕೈಯಲ್ಲಿ. ಶುಲ್ಕ ಅಂದರೆ ಸಿಂಡಿಕೇಟ್, ಅಂದರೆ ವಿ.ವಿ.ಯ ಆಡಳಿತ ಮಂಡಳಿ. ಪಠ್ಯ ಬದಲಾಗಬೇಕಾದರೆ ಅಧ್ಯಯನ ಮಂಡಳಿ, ಆಮೇಲೆ ವಿದ್ಯಾವಿಷಯಕ ಪರಿಷತ್ತು. ಎಲ್ಲವನ್ನೂ ಒಂದೇ ಕಾಗದದಲ್ಲಿ ಬರೆದರೆ ಯಾವ ಶಾಖೆಗೆ ಕಳಿಸಬೇಕು ಅಂತ ಕಚೇರಿಗೇ ಗೊತ್ತಾಗುವುದಿಲ್ಲ. ಎಲ್ಲರಿಗೂ ಸೇರಿದ್ದು ಕೊನೆಗೆ ಯಾರಿಗೂ ಸೇರುವುದಿಲ್ಲ.

ಇನ್ನೊಂದು ಮಾತು. ನಾನು ಅಧ್ಯಯನ ಮಂಡಳಿಯಲ್ಲಿ ಎರಡು ಅವಧಿ ಇದ್ದೆ. ಪಠ್ಯ ಬದಲಾಯಿಸಿ ಅಂತ ವಿದ್ಯಾರ್ಥಿಗಳ ಮನವಿ ಬಂದದ್ದು ಒಂದೇ ಸಲ. ಅದೂ ಹೊಸ ಪಠ್ಯ ಅಚ್ಚಾದ ಮೇಲೆ! ಪತ್ರ ತುಂಬಾ ಚೆನ್ನಾಗಿತ್ತು, ಹೇಳಿದ್ದೂ ನಿಜವಿತ್ತು. ಏನೂ ಮಾಡಲಾಗಲಿಲ್ಲ. ಸಭೆ ಯಾವಾಗ ಅಂತ ಮುಖ್ಯಸ್ಥರನ್ನು ಕೇಳಿದರೆ ಹೇಳುತ್ತಾರೆ. ಅದಕ್ಕೆ ಒಂದು ತಿಂಗಳು ಮುಂಚೆ ಕೊಡಿ. ಹಣ ಬೇಕಾಗುವ ವಿಷಯವಾದರೆ ಮಾರ್ಚ್‌ಗಿಂತ ತುಂಬಾ ಮೊದಲು, ಬಜೆಟ್ ತಯಾರಾಗುವಾಗಲೇ ಕೊಡಿ. ಏಪ್ರಿಲ್‌ನಲ್ಲಿ ಕೊಟ್ಟರೆ "ಮುಂದಿನ ಸಾಲಿಗೆ ನೋಡೋಣ" ಅನ್ನುವ ಉತ್ತರ ಗ್ಯಾರಂಟಿ.

ರೂಮ್ ನಂಬರ್ 14

ಅಕ್ಕಾ, ನಾನು ಬೇರೆ ಊರಿನ ಕಾಲೇಜು, ಬಿ.ಎಸ್ಸಿ. ನಿಮ್ಮ ಪೋಸ್ಟ್ ಓದಿ ನನಗೂ ಬರೆಯಬೇಕು ಅನ್ನಿಸಿತು. ನಮ್ಮಲ್ಲಿ ಲ್ಯಾಬ್ ಪಕ್ಕದ ಶೌಚಾಲಯಕ್ಕೆ ನೀರು ಬರುವುದಿಲ್ಲ. ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಇರುತ್ತೇವೆ. ಮನವಿ ಬರೆಯೋಣ ಅಂದರೆ ಯಾರೂ ಮೊದಲ ಸಹಿ ಹಾಕುವುದಿಲ್ಲ. ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ ಇದೆಯಲ್ವಾ ಅನ್ನುವ ಭಯ. ಹೋದ ವರ್ಷ ಸೀನಿಯರ್ ಒಬ್ಬರು ದೂರು ಕೊಟ್ಟಾಗ ಅವರನ್ನು ಕರೆಸಿ ಮನೆಗೆ ಫೋನ್ ಮಾಡಿದ್ದರಂತೆ. ಭಯ ಇದ್ದವರು ಏನು ಮಾಡಬೇಕು?

ಕೆಮಿಸ್ಟ್ರಿ ಮೇಷ್ಟ್ರು

ಆ ಭಯ ಸುಳ್ಳಲ್ಲಮ್ಮಾ. ಮೇಷ್ಟ್ರಾಗಿ ನಾನೇ ಒಪ್ಪುತ್ತೇನೆ. ಹಾಗೆ ಮಾಡುವವರು ಇದ್ದಾರೆ, ಅದು ತಪ್ಪು.

ಮೊದಲ ಸಹಿ ಅನ್ನುವುದೇ ಇಲ್ಲದ ಹಾಗೆ ಮಾಡಿ. ಒಬ್ಬೊಬ್ಬರ ಹತ್ತಿರ ಹಾಳೆ ಕಳಿಸಿದರೆ ಮೇಲಿನ ಹೆಸರು ಎದ್ದು ಕಾಣುತ್ತದೆ. ಬದಲಿಗೆ ಕ್ಲಾಸಿನ ರಿಜಿಸ್ಟರ್ ನಂಬರ್ ಕ್ರಮದಲ್ಲಿ ಹೆಸರು ಟೈಪ್ ಮಾಡಿ, ಎದುರಿಗೆ ಸಹಿಗೆ ಜಾಗ ಬಿಡಿ. ಒಂದು ದಿನ, ಒಂದೇ ಬಿಡುವಿನ ಹೊತ್ತಿನಲ್ಲಿ ಎಲ್ಲರೂ ಹಾಕಿ. ಆಗ ಮುಂದಾಳು ಯಾರು ಅಂತ ಹಾಳೆಯಿಂದ ಗೊತ್ತಾಗುವುದಿಲ್ಲ. ಹಾಕದವರ ಜಾಗ ಖಾಲಿ ಕಂಡು ಅವರಿಗೆ ಮುಜುಗರ ಆಗಬಾರದಲ್ವಾ? ಅದಕ್ಕೆ ಯಾರು ಹಾಕುತ್ತಾರೆ ಅಂತ ಮೊದಲೇ ಕೇಳಿಕೊಂಡು ಅವರ ಹೆಸರಷ್ಟೇ ಟೈಪ್ ಮಾಡಿ. ಒತ್ತಾಯ ಬೇಡ. ಕೊಡಲು ಹೋಗುವಾಗ ಒಬ್ಬಳೇ ಹೋಗಬೇಡಿ. ಮೂರೂ ವರ್ಷದ ಕ್ಲಾಸುಗಳಿಂದ ಇಬ್ಬಿಬ್ಬರು ಹೋಗಿ.

ನೀರಿನ ವಿಷಯಕ್ಕೆ ನಿಮ್ಮ ಕಡೆ ನಿಲ್ಲುವ ಒಬ್ಬರಾದರೂ ಮೇಡಂ ಆ ಕಾಲೇಜಿನಲ್ಲಿ ಇದ್ದೇ ಇರುತ್ತಾರೆ. ಅವರೂ ಅದೇ ಕಟ್ಟಡದಲ್ಲಿ ಇಡೀ ದಿನ ಇರುವವರು. ಅವರನ್ನು ಮೊದಲು ಮಾತನಾಡಿಸಿ.

ಲಾ ಓದುತ್ತಿರುವವ

ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2023ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರಕ್ಕೆ ನಿಯಮ ತಂದಿದೆ. ಅದರ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅಧ್ಯಕ್ಷರು ಒಬ್ಬ ಪ್ರಾಧ್ಯಾಪಕರು, ಸದಸ್ಯರಾಗಿ ನಾಲ್ವರು ಪ್ರಾಧ್ಯಾಪಕರು ಅಥವಾ ಹಿರಿಯ ಅಧ್ಯಾಪಕರು, ವಿಶೇಷ ಆಹ್ವಾನಿತರಾಗಿ ಒಬ್ಬ ವಿದ್ಯಾರ್ಥಿ. ಒಬ್ಬರಾದರೂ ಮಹಿಳೆ, ಒಬ್ಬರಾದರೂ ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವರು ಇರಲೇಬೇಕು. ದೂರು ಸಿಕ್ಕ 15 ಕೆಲಸದ ದಿನಗಳಲ್ಲಿ ಸಮಿತಿ ತನ್ನ ವರದಿ ಕೊಡಬೇಕು. ಅದು ಸರಿಬರದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ಇಂಥ ಮೇಲ್ಮನವಿ ಕೇಳಲೆಂದೇ ನೇಮಿಸಿದವರಿಗೆ, ಮೇಲ್ಮನವಿ. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕರು ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಆ ಜಾಗದಲ್ಲಿ ಇರುತ್ತಾರೆ. ಅವರನ್ನು ನೇಮಿಸದ ವಿ.ವಿ.ಗಳ ಪಟ್ಟಿಯನ್ನೇ ಯುಜಿಸಿ 2024ರಲ್ಲಿ ಹೊರಗೆ ಹಾಕಿತ್ತು. ಹಾಗಾಗಿ ನಿಮ್ಮಲ್ಲಿ ಇದ್ದಾರಾ ಅಂತ ವಿ.ವಿ. ವೆಬ್‌ಸೈಟ್‌ನಲ್ಲಿ ಮೊದಲು ನೋಡಿಕೊಳ್ಳಿ.

ಆದರೆ ಎಲ್ಲವೂ ಅಲ್ಲಿಗೆ ಹೋಗುವುದಿಲ್ಲ. ದಾಖಲಾತಿ, ಶುಲ್ಕ ವಾಪಸ್, ಅಂಕಪಟ್ಟಿ ಹಿಡಿದಿಟ್ಟುಕೊಳ್ಳುವುದು, ಪರೀಕ್ಷೆ ಮತ್ತು ಫಲಿತಾಂಶದ ವಿಳಂಬ, ಕೊಡುತ್ತೇವೆ ಅಂತ ಹೇಳಿ ಕೊಡದ ಸೌಲಭ್ಯ, ಇಂಥವು ದೂರು. ರೂಮ್ ನಂಬರ್ 14 ಅವರ ನೀರಿನ ವಿಷಯ ಇದರೊಳಗೆ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಲೈಬ್ರರಿ ಸಮಯ? ಪ್ರಾಸ್ಪೆಕ್ಟಸ್ ತೆಗೆದು ನೋಡಿ. ಅದರಲ್ಲಿ 8 ಗಂಟೆ ತನಕ ಅಂತ ಬರೆದಿದ್ದರೆ ಅದು ದೂರು. ಬರೆದಿಲ್ಲದಿದ್ದರೆ ಅದು ಮನವಿ. ಎರಡಕ್ಕೂ ಭಾಷೆ ಬೇರೆ, ಬಾಗಿಲು ಬೇರೆ.

ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. "ಆವಕ ಸಂಖ್ಯೆ ಇಷ್ಟರ ನಮ್ಮ ಮನವಿಯ ಮೇಲೆ ಬರೆದ ಟಿಪ್ಪಣಿ ಹಾಳೆಯ ನಕಲು ಕೊಡಿ" ಅಂತ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಹಳೇ ಕಡತ ಸರ್ ಹೇಳಿದ ಆ ಆವಕ ಸಂಖ್ಯೆ ಇಲ್ಲದಿದ್ದರೆ ಇದನ್ನು ಕೇಳುವುದೂ ಕಷ್ಟ.

ಬಯಲುಸೀಮೆ ಹೈದ

ಎಲ್ಲ ಸರಿ. ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ರಾಜ್ಯದಲ್ಲಿ 1980ರ ದಶಕದ ಕೊನೆಯಿಂದ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತುಹೋಗಿದೆ. ಚುನಾವಣೆ ಹೇಗೆ ನಡೆಸಬೇಕು ಅಂತ ಲಿಂಗ್ಡೋ ಸಮಿತಿ ಹೇಳಿದ್ದನ್ನು 2006ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿತು. ಆದರೂ ನಮ್ಮಲ್ಲಿ ಆಗಲಿಲ್ಲ. ನಮ್ಮ ಪರವಾಗಿ ಸಭೆಯಲ್ಲಿ ಮಾತನಾಡಲು ನಾವು ಆರಿಸಿದವರು ಯಾರೂ ಇಲ್ಲ. ಹಾಗಿರುವಾಗ ಸೀಲು, ನಂಬರ್, ಟಿಪ್ಪಣಿ ಅಂತ ಓಡಾಡುವುದು ಒಂದು ರೀತಿ ಅನ್ಯಾಯ. ಅದಕ್ಕೇ ಹುಡುಗರಿಗೆ ಸಿಟ್ಟು ಬರುವುದು.

ಹಳೇ ಕಡತ

ಬಯಲುಸೀಮೆಯವರೇ, ನಿಮ್ಮ ಮಾತು ಒಪ್ಪುತ್ತೇನೆ. ಆರಿಸಿ ಬಂದ ಪ್ರತಿನಿಧಿ ಇದ್ದಿದ್ದರೆ ಈ ಹುಡುಗಿ ಇಷ್ಟು ಅಲೆಯಬೇಕಿರಲಿಲ್ಲ. ಪ್ರತಿಭಟನೆ ಬೇಡ ಅಂತಲೂ ನಾನು ಹೇಳುವುದಿಲ್ಲ. ಜೀವಕ್ಕೆ ಅಪಾಯ ಇದ್ದಾಗ ಟಪಾಲಿನ ನಂಬರ್ ಕಾಯುತ್ತಾ ಕೂರಲಾಗುವುದಿಲ್ಲ. ಜ್ಞಾನಭಾರತಿಯ ಹುಡುಗರು ಮಾಡಿದ್ದು ಸರಿ.

ಆದರೆ ನೀವು ಗೇಟಿನ ಮುಂದೆ ಕೂತು ತರಿಸಿದ ನೀರಿನ ಮಷಿನ್ ಇವತ್ತು ನಡೆಯುತ್ತಿದೆಯಾ? ಕೋಪಿಸಿಕೊಳ್ಳಬೇಡಿ, ನಿಜವಾಗಿ ಕೇಳುತ್ತಿದ್ದೇನೆ. ಗಲಾಟೆಯ ದಿನ ಬಾಯಲ್ಲಿ ಒಪ್ಪಿ ಕೊಟ್ಟದ್ದಕ್ಕೆ ಆದೇಶ ಇರುವುದಿಲ್ಲ. ಆದೇಶ ಇಲ್ಲದಿದ್ದರೆ ರಿಪೇರಿಗೆ ಹಣ ಹಾಕಲು ಶಾಖೆಯವರಿಗೆ ಆಧಾರ ಇರುವುದಿಲ್ಲ. ನಾನು ಕಂಡ ಹಾಗೆ ಹೋರಾಟದಲ್ಲಿ ಗೆದ್ದದ್ದು ಕಡತದಲ್ಲಿ ಸೋತ ಉದಾಹರಣೆ ಬಹಳ. ಪ್ರತಿಭಟನೆ ಮಾಡಿದರೂ ಎದ್ದು ಬರುವ ಮುಂಚೆ ಮನವಿಗೆ ಸೀಲು ಹಾಕಿಸಿಕೊಂಡು ಬನ್ನಿ.

ಬಯಲುಸೀಮೆ ಹೈದ

ಇಲ್ಲ ಸರ್. ಎರಡು ವರ್ಷಕ್ಕೆ ಕೆಟ್ಟಿತು. ಹಾಗೇ ಇದೆ. ಹೋದ ತಿಂಗಳು ಹೋದಾಗ ನೋಡಿದೆ, ಅದರ ಮೇಲೆ ಬಕೆಟ್ ಇಟ್ಟಿದ್ದಾರೆ.

ಕಾಸರಗೋಡಿನವಳು

ನಾನು ಕಾಸರಗೋಡಿನ ಕನ್ನಡದವಳು, ಓದಿದ್ದು ಕೇರಳದಲ್ಲೇ. ಚುನಾಯಿತ ಸಂಘ ಇದ್ದರೆ ಹೇಗಿರುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಕೊಚ್ಚಿಯ ಕುಸಾಟ್, ಅಂದರೆ ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಮುಟ್ಟಿನ ದಿನಗಳ ರಜೆಗಾಗಿ ವಿದ್ಯಾರ್ಥಿ ಸಂಘ ಮನವಿ ಕೊಟ್ಟಿತ್ತು. 2023ರ ಜನವರಿಯಲ್ಲಿ ಆದೇಶವೇ ಬಂತು.

ಅಲ್ಲಿ ಪರೀಕ್ಷೆಗೆ ಕೂರಲು 75 ಶೇಕಡಾ ಹಾಜರಿ ಬೇಕು. ಕಡಿಮೆ ಬಿದ್ದವರು ಅರ್ಜಿ ಹಾಕಿ ವಿನಾಯಿತಿ ಕೇಳುವ ಪದ್ಧತಿ ಮೊದಲಿನಿಂದಲೂ ಇತ್ತು. ಇದೇ ಪದ್ಧತಿಯೊಳಗೆ ಹೆಣ್ಣುಮಕ್ಕಳಿಗೆ ಪ್ರತಿ ಸೆಮಿಸ್ಟರ್‌ಗೆ 2 ಶೇಕಡಾ ಹೆಚ್ಚು ವಿನಾಯಿತಿ ಕೊಟ್ಟರು. ವೈದ್ಯರ ಸರ್ಟಿಫಿಕೇಟ್ ಬೇಡ, ಬರೀ ಅರ್ಜಿ ಸಾಕು. ಹೊಸ ರಜೆ, ಹೊಸ ಲೆಕ್ಕ, ಹೊಸ ಹಣ ಯಾವುದೂ ಬೇಕಾಗಲಿಲ್ಲ. ಅದೇ ತಿಂಗಳಲ್ಲಿ ಕೇರಳ ಸರ್ಕಾರ ಉನ್ನತ ಶಿಕ್ಷಣ ಇಲಾಖೆಯ ಎಲ್ಲ ವಿ.ವಿ.ಗಳಿಗೂ ಇದನ್ನು ಹರಡಿತು. ಹೆಣ್ಣುಮಕ್ಕಳಿಗೆ 73 ಶೇಕಡಾ ಇದ್ದರೆ ಸಾಕು ಅಂತಾಯಿತು.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಆ "2 ಶೇಕಡಾ". ಎಷ್ಟು ಚಿಕ್ಕ ಸಂಖ್ಯೆ! ಆದರೆ ಇದ್ದ ನಿಯಮದ ಯಾವ ಜಾಗದಲ್ಲಿ ಅದನ್ನು ಸೇರಿಸಬೇಕು ಅನ್ನುವುದು ಸ್ಪಷ್ಟ ಇತ್ತು. ಓದುವ ಹುಡುಗಿ, ನಿಮ್ಮ "ಸೂಕ್ತವಾಗಿ" ತೆಗೆದುಹಾಕಿ. ಎಷ್ಟು ಗಂಟೆ ತನಕ ಬೇಕು, ಯಾವ ಕೋಣೆ, ಯಾವ ದಿನಗಳು ಅಂತ ಬರೆಯಿರಿ.

ಇನ್ನೊಂದು. ಲೈಬ್ರರಿ 9ರ ತನಕ ತೆರೆದರೂ ನಿಮ್ಮ ಹಾಸ್ಟೆಲ್ ಗೇಟ್ ಎಷ್ಟು ಗಂಟೆಗೆ ಮುಚ್ಚುತ್ತದೆ?

ಓದುವ ಹುಡುಗಿ

ಅಯ್ಯೋ. 7:30ಕ್ಕೆ. ಹುಡುಗರ ಹಾಸ್ಟೆಲ್ 10ಕ್ಕೆ. ಇದು ನಮಗೆ ಹೊಳೆದೇ ಇರಲಿಲ್ಲ. ನಾವು ಓಡಾಡಿ ಸಹಿ ಹಾಕಿಸಿದ್ದು ಹುಡುಗರಿಗಷ್ಟೇ ಉಪಯೋಗವಾಗುತ್ತಿತ್ತು.

ಲಾ ಓದುತ್ತಿರುವವ

ಈ ಗೇಟಿನ ಸಮಯ ದೊಡ್ಡ ವಿಷಯ. 2015ರಲ್ಲಿ ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾದಲ್ಲಿ ಹುಡುಗಿಯರ ಹಾಸ್ಟೆಲ್‌ನವರು ತಡವಾಗಿ ಬರಲು ಇದ್ದ ಅನುಮತಿಯನ್ನು ರದ್ದು ಮಾಡಿದರು. ದೆಹಲಿ ಮಹಿಳಾ ಆಯೋಗ ವಿ.ವಿ.ಗೆ ನೋಟಿಸ್ ಕೊಟ್ಟಿತು. ಅಲ್ಲಿಂದ ಪಿಂಜ್ರಾ ತೋಡ್ ಅನ್ನುವ ಹುಡುಗಿಯರ ಚಳವಳಿ ಹುಟ್ಟಿತು. ದೆಹಲಿಯ ಬೇರೆ ಬೇರೆ ಹಾಸ್ಟೆಲ್‌ಗಳ ನಿಯಮಗಳನ್ನು ಒಟ್ಟುಮಾಡಿ ಆಯೋಗಕ್ಕೆ ವರದಿಯನ್ನೇ ಕೊಟ್ಟರು. "ನಮಗೆ ಕಷ್ಟ ಆಗುತ್ತಿದೆ" ಅನ್ನುವುದರ ಜೊತೆಗೆ ಹುಡುಗರಿಗೆ ಎಷ್ಟು ಗಂಟೆ, ಹುಡುಗಿಯರಿಗೆ ಎಷ್ಟು ಗಂಟೆ ಅಂತ ಅಕ್ಕಪಕ್ಕ ಇಟ್ಟು ತೋರಿಸಿದರೆ ಎದುರಿನವರಿಗೆ ಉತ್ತರ ಕೊಡುವುದು ಕಷ್ಟ. ನಿಮ್ಮಲ್ಲೂ 7:30 ಮತ್ತು 10. ಆ ಎರಡು ಅಂಕಿಯೇ ಸಾಕು.

ಆದರೆ ಇದು ವಾರ್ಡನ್ ಕಡೆಯ ವಿಷಯ. ಬೇರೆ ಮನವಿ ಮಾಡಿ.

ಓದುವ ಹುಡುಗಿ (19 ದಿನಗಳ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಇಷ್ಟು ದಿನ ಸುಮ್ಮನಿರಲಿಲ್ಲ. ಏನೇನು ಮಾಡಿದೆವು ಅಂತ ಬರೆಯುತ್ತೇನೆ.

ಮೊದಲು ಎಣಿಸಿದೆವು. ನಾವು ಆರು ಜನ ಸರದಿ ಹಾಕಿಕೊಂಡು ಹತ್ತು ದಿನ ಸಂಜೆ 5:45ಕ್ಕೆ ಲೈಬ್ರರಿಯಲ್ಲಿ ಎಷ್ಟು ಜನ ಇನ್ನೂ ಓದುತ್ತಾ ಕೂತಿದ್ದಾರೆ ಅಂತ ನೋಟ್‌ಬುಕ್‌ನಲ್ಲಿ ಬರೆದೆವು. ಅತಿ ಕಡಿಮೆ 52, ಜಾಸ್ತಿ ಅಂದರೆ 87. ಶನಿವಾರ ಮಧ್ಯಾಹ್ನವೇ ಖಾಲಿ. ಹಾಗಾಗಿ ಶನಿವಾರ ಕೇಳುವುದನ್ನು ಬಿಟ್ಟೆವು.

ಎಣಿಸುತ್ತಾ ನಿಂತಾಗ ಫ್ಯಾನ್ ಆಫ್ ಮಾಡುವ ಅಟೆಂಡರ್ "ಏನಮ್ಮಾ ದಿನಾ ಬರೆದುಕೊಳ್ಳುತ್ತೀಯ?" ಅಂತ ಕೇಳಿದರು. ನಮ್ಮ ಮೇಲೆ ಸಿಟ್ಟು ಮಾಡುತ್ತಾರೆ ಅಂದುಕೊಂಡಿದ್ದೆ. ವಿಷಯ ಹೇಳಿದ ಮೇಲೆ ಕೂರಿಸಿ ಮಾತನಾಡಿಸಿದರು. ಅವರ ಊರಿಗೆ ಕೊನೆಯ ಬಸ್ 6:20ಕ್ಕೆ. ಅದು ತಪ್ಪಿದರೆ ಹೈವೇ ತನಕ ನಡೆಯಬೇಕು. ಕೆಳಗಿನ ಓದುವ ಕೋಣೆಯಲ್ಲಿ ಇರುವುದು ಅವರೊಬ್ಬರೇ. ನಾವು "ಅವರಿಗೆ ಬೇಗ ಮನೆಗೆ ಹೋಗುವ ಆಸೆ" ಅಂತ ಎಷ್ಟು ಸಲ ಬೈದುಕೊಂಡಿದ್ದೆವೋ. ನನಗೆ ನಿಜವಾಗಿ ಬೇಸರವಾಯಿತು.

ಅವರೇ ಹೇಳಿದರು, "ಸಾಹೇಬರನ್ನ ಒಮ್ಮೆ ಕೇಳಿ, ಅವರೂ ಬರೆದಿದ್ದರು" ಅಂತ. ಗ್ರಂಥಪಾಲಕರ ಹತ್ತಿರ ಹೋದೆವು. ಅವರು ಬೀರು ತೆಗೆದು ಒಂದು ಹಳೆಯ ಕಾಗದ ತೋರಿಸಿದರು. ಎರಡು ವರ್ಷದ ಹಿಂದೆ ಅವರೇ ಕುಲಸಚಿವರಿಗೆ ಬರೆದಿದ್ದ ಪತ್ರ! ಸಂಜೆ ಪಾಳಿಗೆ ಇಬ್ಬರು ಸಿಬ್ಬಂದಿ ಕೊಟ್ಟರೆ ಓದುವ ಕೋಣೆಯನ್ನು ರಾತ್ರಿ ತನಕ ತೆರೆದಿಡಬಹುದು ಅಂತ. "ವಿದ್ಯಾರ್ಥಿಗಳಿಂದ ಬೇಡಿಕೆ ಕಂಡುಬಂದಲ್ಲಿ ಪರಿಶೀಲಿಸಬಹುದು" ಅಂತ ಷರಾ ಬರೆದು ಕಡತ ಮುಚ್ಚಿದ್ದರಂತೆ. ಅವರಿಗೆ ಬೇಕಾಗಿದ್ದು ನಮ್ಮ ಕಾಗದ, ನಮಗೆ ಬೇಕಾಗಿದ್ದು ಅವರ ಕಾಗದ. ಇಬ್ಬರೂ ಒಂದೇ ಕಟ್ಟಡದಲ್ಲಿದ್ದೆವು.

ಹೊಸ ಕರಡು ಇದು, ತಿದ್ದಿ ಕೊಡಿ:

"ವಿಷಯ: ಕೇಂದ್ರ ಗ್ರಂಥಾಲಯದ ನೆಲಮಹಡಿಯ ಓದುವ ಕೋಣೆಯನ್ನು ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿ 8:30ರ ತನಕ ತೆರೆದಿಡುವ ಬಗ್ಗೆ.
ಉಲ್ಲೇಖ: ಗ್ರಂಥಪಾಲಕರ ಪತ್ರ (ಸಂಖ್ಯೆ ಮತ್ತು ದಿನಾಂಕ).
ಮಾನ್ಯರೇ, ಹತ್ತು ಕೆಲಸದ ದಿನ ನಾವು ಎಣಿಸಿದಾಗ ಮುಚ್ಚುವ ಹೊತ್ತಿಗೆ 52ರಿಂದ 87 ವಿದ್ಯಾರ್ಥಿಗಳು ಓದುತ್ತಿರುವುದು ಕಂಡುಬಂದಿದೆ. ಪಟ್ಟಿ ಲಗತ್ತಿಸಿದೆ. ಎರಡು ತಿಂಗಳ ಮಟ್ಟಿಗೆ ಪ್ರಾಯೋಗಿಕವಾಗಿ ಈ ಕೋಣೆಯನ್ನು ರಾತ್ರಿ 8:30ರ ತನಕ ತೆರೆದಿಡಲು, ಸಂಜೆ ಪಾಳಿಗೆ ಪ್ರತ್ಯೇಕ ಸಿಬ್ಬಂದಿ ನೇಮಿಸಲು ಆದೇಶಿಸಬೇಕೆಂದು ತಮ್ಮಲ್ಲಿ ಕೃಪೆ ತೋರಿ ಬೇಡಿಕೊಳ್ಳುತ್ತೇವೆ."

ಬಯಲುಸೀಮೆ ಹೈದ

ತುಂಬಾ ಚೆನ್ನಾಗಿದೆ ತಂಗಿ. ಆದರೆ "ಕೃಪೆ ತೋರಿ ಬೇಡಿಕೊಳ್ಳುತ್ತೇವೆ" ಯಾಕೆ? ಫೀಸ್ ಕಟ್ಟಿಲ್ವಾ? "ಆಗ್ರಹಿಸುತ್ತೇವೆ" ಅಂತ ಬರೆಯಿರಿ.

ಹಳೇ ಕಡತ

"ಬೇಡಿಕೊಳ್ಳುತ್ತೇವೆ" ತೆಗೆಯಿರಿ, ಅದನ್ನು ನಾನೂ ಒಪ್ಪುತ್ತೇನೆ. "ಆಗ್ರಹ" ಕೂಡ ಬೇಡ. ಇನ್ನೂ ಯಾರೂ ಇಲ್ಲ ಅಂದಿಲ್ಲವಲ್ಲ. "ಕೋರುತ್ತೇವೆ" ಸಾಕು. ಅದರಲ್ಲಿ ತಲೆ ತಗ್ಗಿಸುವುದೂ ಇಲ್ಲ, ಜಗಳವೂ ಇಲ್ಲ. ಕಚೇರಿಗಳು ತಮ್ಮತಮ್ಮಲ್ಲೇ ಬಳಸುವ ಮಾತು ಅದು.

"ಪ್ರಾಯೋಗಿಕವಾಗಿ ಎರಡು ತಿಂಗಳು" ಅಂದದ್ದು ಬಹಳ ಒಳ್ಳೆಯದು. ಶಾಶ್ವತವಾಗಿ ಮಾಡಿ ಅಂದರೆ ಹಣಕಾಸು ಶಾಖೆ ಹತ್ತು ಪ್ರಶ್ನೆ ಕೇಳುತ್ತದೆ. ಎರಡು ತಿಂಗಳು ಅಂದರೆ ಕುಲಸಚಿವರು ಧೈರ್ಯವಾಗಿ ಸಹಿ ಹಾಕುತ್ತಾರೆ. ಆ ಎರಡು ತಿಂಗಳು ಕೋಣೆ ತುಂಬಿರುವ ಹಾಗೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.

ಸಹಿ ಹಾಳೆಗಳ ಬಗ್ಗೆ: ಪ್ರತಿ ಹಾಳೆಯ ತಲೆಯ ಮೇಲೂ ಆ ವಿಷಯದ ಸಾಲು ಅಚ್ಚಾಗಿರಲಿ. ಇಲ್ಲದಿದ್ದರೆ "ಯಾವುದಕ್ಕೋ ಹಾಕಿದ ಸಹಿ ಅಂಟಿಸಿದ್ದಾರೆ" ಅಂತ ಯಾರಾದರೂ ಹೇಳಬಹುದು. ಹೆಸರು, ರಿಜಿಸ್ಟರ್ ನಂಬರ್, ವಿಭಾಗ, ಸಹಿ. ಫೋನ್ ನಂಬರ್ ಬೇಡ, ಆ ಹಾಳೆ ಎಷ್ಟು ಕೈ ದಾಟುತ್ತದೋ ಗೊತ್ತಿಲ್ಲ. 640 ಬೇಕಾಗಿಲ್ಲ. ಆ ಕೋಣೆಗೆ ನಿಜವಾಗಿ ಬರುವ 150 ಜನರ ಸಹಿ ಇದ್ದರೆ ಹೆಚ್ಚು ತೂಕ. ಕೊನೆಯಲ್ಲಿ "ಪ್ರತಿ: ಗ್ರಂಥಪಾಲಕರಿಗೆ ಮಾಹಿತಿಗಾಗಿ" ಅಂತ ಹಾಕಿ, ಅವರಿಗೂ ಒಂದು ಕೊಡಿ.

ಕೆಮಿಸ್ಟ್ರಿ ಮೇಷ್ಟ್ರು

"ಮುಖಾಂತರ: ವಿಭಾಗದ ಮುಖ್ಯಸ್ಥರು" ಅಂತ ಒಂದು ಸಾಲು ಸೇರಿಸಿ, ಅವರ ಸಹಿ ತೆಗೆದುಕೊಳ್ಳಿ. ಎಲ್ಲ ವಿಭಾಗದವರೂ ಬೇಡ, ಮೂವರು ಸಾಕು. ಮಕ್ಕಳು ಮೇಷ್ಟ್ರನ್ನು ದಾಟಿ ಹೋದರು ಅನ್ನುವ ಮಾತು ಬರುವುದಿಲ್ಲ.

ಓದುವ ಹುಡುಗಿ (ಮತ್ತೆ, ಆರು ವಾರಗಳ ನಂತರ)

ಆದೇಶ ಬಂತು!

ಕೇಳಿದ್ದೆಲ್ಲ ಸಿಗಲಿಲ್ಲ. 8:30ರ ಬದಲು 8ಕ್ಕೆ. ಎರಡು ತಿಂಗಳು ಪ್ರಾಯೋಗಿಕ. ಸಂಜೆ ಪಾಳಿಗೆ ಕ್ಯಾಂಪಸ್ ಹತ್ತಿರವೇ ಮನೆ ಇರುವ ಒಬ್ಬರನ್ನು ಹಾಕಿದ್ದಾರೆ. ನಮ್ಮ ಹಳೆಯ ಅಟೆಂಡರ್ 6:20ರ ಬಸ್ಸಿಗೆ ಹೋಗುತ್ತಾರೆ. ಹಾಸ್ಟೆಲ್ ಗೇಟಿನ ಮನವಿಗೆ ವಾರ್ಡನ್ ಮೇಡಂ ಮೊದಲು ಒಪ್ಪಲಿಲ್ಲ. ರಸ್ತೆಯಲ್ಲಿ ಬೆಳಕಿಲ್ಲ, ಏನಾದರೂ ಆದರೆ ನನ್ನನ್ನು ಕೇಳುತ್ತಾರೆ ಅಂದರು. ಅದು ನಿಜವೇ. ಲೈಬ್ರರಿ ಆದೇಶದ ನಕಲು ತೋರಿಸಿದ ಮೇಲೆ, ಅಲ್ಲಿಯ ರಿಜಿಸ್ಟರ್‌ನಲ್ಲಿ ಸಹಿ ಮಾಡಿ ಬಂದವರಿಗೆ 8:20ರ ತನಕ ಬಿಡುತ್ತಾರೆ. ಹುಡುಗರ ಹಾಗೆ 10 ಗಂಟೆ ಅಲ್ಲ. ಅದನ್ನು ನಾವು ಬಿಟ್ಟಿಲ್ಲ.

ಮಧ್ಯದಲ್ಲಿ ಒಂದು ಸಲ ಕಡತ ನಿಂತಿತ್ತು. ಆವಕ ಸಂಖ್ಯೆ ಹೇಳಿದ ತಕ್ಷಣ ಅದು ಯಾರ ಟೇಬಲ್ ಮೇಲಿದೆ ಅಂತ ಎರಡೇ ನಿಮಿಷದಲ್ಲಿ ಹೇಳಿದರು. ಮೊದಲ ಸಲ 34 ದಿನ ಅಲೆದದ್ದು ನೆನಪಾಯಿತು. ಹಳೇ ಕಡತ ಸರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ.

ನಿನ್ನೆ ರಾತ್ರಿ ಲೈಬ್ರರಿಯಿಂದ ವಾಪಸ್ ಬರುವಾಗ ದೀಪದ ಕಂಬಗಳನ್ನು ನೋಡುತ್ತಾ ಬಂದೆವು. ಪ್ರತಿ ಕಂಬಕ್ಕೂ ಬಣ್ಣದಲ್ಲಿ ನಂಬರ್ ಬರೆದಿದ್ದಾರೆ. 17, 18, 21, 22 ಉರಿಯುತ್ತಿಲ್ಲ. ಸೋಮವಾರ ಎಂಜಿನಿಯರಿಂಗ್ ವಿಭಾಗಕ್ಕೆ ಕೊಡುವ ಮನವಿ ಬರೆದಾಗಿದೆ. ನಾಲ್ಕೇ ಸಾಲು.

ಬಯಲುಸೀಮೆ ಹೈದ

ಶಭಾಷ್ ತಂಗಿ. ನಾನೂ ನಮ್ಮ ಹಳೇ ಹಾಸ್ಟೆಲ್ ಹುಡುಗರಿಗೆ ನಿನ್ನ ಕರಡು ಕಳಿಸಿದ್ದೇನೆ. ಆ ನೀರಿನ ಮಷಿನ್ ರಿಪೇರಿಗೆ. ಈ ಸಲ ಆದೇಶದ ಜೊತೆಗೇ ಬರಲಿ.

ರೂಮ್ ನಂಬರ್ 14

ಅಕ್ಕಾ, ನಮ್ಮದೂ ಹೇಳಲಾ? ಮೇಷ್ಟ್ರು ಹೇಳಿದ ಹಾಗೆ ರಿಜಿಸ್ಟರ್ ನಂಬರ್ ಕ್ರಮದಲ್ಲಿ ಟೈಪ್ ಮಾಡಿದೆವು. 43 ಜನ ಹಾಕುತ್ತೇವೆ ಅಂದಿದ್ದರು. ಇವತ್ತು ಮಧ್ಯಾಹ್ನ ಲ್ಯಾಬ್ ಬಿಡುವಿನಲ್ಲಿ 41 ಜನ ಹಾಕಿದರು. ಆಮೇಲೆ ಬಾಟನಿ ಮೇಡಂ ಬಂದು ಓದಿ, ಏನೂ ಮಾತನಾಡದೆ ಪೆನ್ನು ಕೇಳಿ ತೆಗೆದುಕೊಂಡು ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ನಾಳೆ ಹತ್ತೂವರೆಗೆ ಕಚೇರಿಗೆ ಆರು ಜನ ಹೋಗುತ್ತಿದ್ದೇವೆ. ಎರಡು ಪ್ರತಿ ಬ್ಯಾಗಿನಲ್ಲಿ ಇಟ್ಟಿದ್ದೇನೆ.